ಒಣಗಬಾರದ ಗಾಯ

ಗ್ಲಾಸಪ್ಪಿನ ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆ.
ಗುರುವಾರ. ಏಳಕ್ಕೆ ಯೋಗದವರು ಬರುತ್ತಾರೆ,
ಅಷ್ಟರೊಳಗೆ ನಾವು ಹುಟ್ಟಬೇಕು.

ನಾಲ್ಕು ಜನ, ಒಂದು ಬಿಸ್ಕತ್ತಿನ ಡಬ್ಬಿ.
ಒಳಗೆ ಬಿಸ್ಕತ್ತಿಲ್ಲ, ಇನ್ನೂರ ಹನ್ನೆರಡು ಪೌಂಡು,
ಮೂವತ್ತು ಪೆನ್ನಿ, ಯಾರೋ ಹಾಕಿದ ಕೋಟಿನ ಗುಂಡಿ.
ಗುಂಡಿಯನ್ನೂ ಲೆಕ್ಕಕ್ಕೆ ಹಿಡಿ, ಅಂದಳು ವಿನಿಫ್ರೆಡ್,
ಹಾಕಿದವರ ಮನಸ್ಸು ಏನಿತ್ತೋ.
ನಾನು ಖಜಾಂಚಿ. ಬರೆದೆ: ಗುಂಡಿ, ಒಂದು.

ಮೂವತ್ತೊಂದು ವರ್ಷ ಆಷ್ಟನ್ನಿನ ಆಸ್ಪತ್ರೆಯಲ್ಲಿ
ಪಟ್ಟಿ ಕಟ್ಟಿ, ಪಟ್ಟಿ ಬಿಚ್ಚಿದ ಕೈ ಇದು.
ಪಟ್ಟಿ ಬರೆಯಲೂ ಬಂದೀತೆಂದು ಇವರ ನಂಬಿಕೆ.

ಹೆಸರಿಗೇ ಮೂರು ಗುರುವಾರ ಹೋಗಿದ್ದವು.
ಕ್ಲೈವನಿಗೆ ಅದರಲ್ಲಿ ಭೂಮಿ ಇರಲೇಬೇಕು,
ಕುರಿ ಸಾಕುವ ಶಾಕ್ರಾಸನಿಗೆ ಇರಕೂಡದು:
ಭೂಮಿ ಉಳಿಸ್ತೀನಿ ಅನ್ನೋನಿಗೆ ನನ್ನ ಗೇಟು ತೆಗೆಯಲ್ಲ.
ಬೆಟ್ಟ ಸೋರ್ತಿದೆ ಅನ್ನು. ಸಲಿಕೆ ಹಿಡಿದು ಬರ್ತೀನಿ.
ಕೊನೆಗೆ ಉಳಿದದ್ದು: ತೊಯ್ದ ಬೆಟ್ಟ.

ಬ್ಲೀಕ್ಲೋ ಗುಡ್ಡವನ್ನು ನಾನು ಮೊದಲು ಹತ್ತಿದ ದಿನ
ಕಪ್ಪು ಪೀಟ್ ಮಣ್ಣು ಆಳೆತ್ತರ ಸೀಳಿಕೊಂಡಿತ್ತು,
ಅಂಚು ಸುಲಿದು, ತಳದ ಕಲ್ಲು ಮೂಳೆಯ ಹಾಗೆ ಕಾಣುತ್ತ.
ಮ್ಯಾಂಚೆಸ್ಟರಿನ ಗಿರಣಿಗಳು ತಲೆಮಾರುಗಟ್ಟಲೆ
ಮಸಿ ಉಣಿಸಿದ್ದವು ಇದಕ್ಕೆ. ಹಾವಸೆ ಸತ್ತಿತು.
ಹಾವಸೆ ಸತ್ತ ಮೇಲೆ ಮಳೆಗೆ ತಂಗಲು ಮನೆಯಿಲ್ಲ.
ಸಾವಿರಾರು ವರ್ಷ ಕೊಳೆಯದೆ ನೀರಲ್ಲಿ ಮಲಗಿದ್ದ
ಎಲೆ, ಬೇರು, ಕಡ್ಡಿ
ಗಾಳಿ ತಾಗಿ ಆಕಾಶಕ್ಕೆ ಏರುತ್ತಿವೆ,
ಬೆಂಕಿಯಿಲ್ಲದ ಹೊಗೆ.

ಬಗ್ಗಿ, ಅಭ್ಯಾಸಬಲದಿಂದ, ಸೀಳಿನ ಅಂಚು ಮುಟ್ಟಿದೆ.
ಒಣಗಿದೆ, ಅಂದುಕೊಂಡೆ, ನನ್ನ ಭಾಷೆಯಲ್ಲಿ,
ಒಂದು ಕ್ಷಣ ಸಮಾಧಾನವೂ ಆಯಿತು.
ನಮ್ಮಲ್ಲಿ ಗಾಯ ಒಣಗಿತೆಂದರೆ ವಾಸಿಯಾಯಿತೆಂದು.
ಆಮೇಲೆ ಹೊಳೆಯಿತು:
ಇಲ್ಲಿ ಒಣಗುವುದೇ ಗಾಯ.

ಕ್ಲೈವನ ಮನೆಯ ಸ್ನಾನದ ತೊಟ್ಟಿಯಲ್ಲೀಗ ಸ್ನಾನವಿಲ್ಲ,
ಹಾವಸೆ ಬೆಳೆಯುತ್ತಿದೆ; ಬೆರಳುದ್ದದ ಸಸಿ,
ಹಿಂಡಿದರೆ ಲೋಟ ತುಂಬುವಷ್ಟು ನೀರು.
ವಿನಿಫ್ರೆಡಳ ಅಜ್ಜಿ, ಮೊದಲ ಮಹಾಯುದ್ಧದಲ್ಲಿ, ಹತ್ತಿ ಸಾಲದಾದಾಗ,
ಇದನ್ನೇ ಕಿತ್ತು, ಸೋಸಿ, ಬಟ್ಟೆಯ ಚೀಲಕ್ಕೆ ತುಂಬಿ
ಮುಖ ಕಾಣದ ಹುಡುಗರ ಗಾಯಕ್ಕೆ ಕಳಿಸಿದ್ದಳಂತೆ.
ಕೊಟ್ಟ ಬೆಟ್ಟಕ್ಕೆ ಯಾರೂ ವಾಪಸು ಕಟ್ಟಿರಲಿಲ್ಲ.

ಇನ್ನು ಅರ್ಜಿ. ಫಲಾನುಭವಿಗಳು ಯಾರು?
ಇಡೀ ಜಗತ್ತು, ಅಂದ ಕ್ಲೈವ್.
ಸೇತುವೆ ಕೆಳಗಿನ ಹದಿನಾಲ್ಕು ಮನೆ, ಅಂದ ಶಾಕ್ರಾಸ್,
ಅಲ್ಲಿ ನನ್ನ ತಂಗಿಯ ಕಾರ್ಪೆಟ್ಟು ಎರಡು ಸಲ ತೇಲಿದೆ.
ವಿನಿಫ್ರೆಡ್ ಒಂದು ಹಕ್ಕಿಯ ಹೆಸರು ಹೇಳಿದಳು.
ಮೂರನ್ನೂ ಬರೆದೆ, ಹಕ್ಕಿಯ ಕಾಗುಣಿತ ಕೇಳಿಕೊಂಡು.

ಮಾಡುವುದೇನು?
ಹನಿಗೂಡಿದರೆ ಹಳ್ಳ ಎಂದು ಕಲಿತವಳು ನಾನು.
ಇಲ್ಲಿ ಕೆಲಸ ತಿರುಗುಮುರುಗು:
ಸೀಳಿಗೊಂದು ಕಲ್ಲಿನ ಅಡ್ಡ ಇಟ್ಟು
ಓಡುವ ಹಳ್ಳವನ್ನು ಮತ್ತೆ ಹನಿ ಮಾಡುವುದು.
ನಿಲ್ಲು, ಇಂಗು, ಅವಸರವೇನು, ಅನ್ನುವುದು.

ಉದ್ದೇಶ ಈಡೇರಲು ಎಷ್ಟು ವರ್ಷ?
ಪೀಟ್ ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರು.
ಸೀಳು, ಶಾಕ್ರಾಸನಿಗಿಂತ ಒಂದು ಗೇಣು ಆಳ.
ಎರಡು ಸಾವಿರ ವರ್ಷ, ಅಂದೆ ಲೆಕ್ಕ ಹಾಕಿ.
ಅರ್ಜಿಯಲ್ಲಿ ಎರಡೇ ಅಂಕಿಗೆ ಜಾಗ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು.

ಬಾಗಿಲಲ್ಲಿ ಚಾಪೆ ಕಂಕುಳಲ್ಲಿಟ್ಟ ಯೋಗದವರು,
ಅವರ ಭುಜದ ಮೇಲೆ ಮಳೆ.
ಮೂವರ ಸಹಿಯಾಯಿತು. ಕೊನೆಯವನು ಶಾಕ್ರಾಸ್.
ಪೆನ್ನು ಒಣಗಿತ್ತು.
ಗೀಚಿ ನೋಡಿದ, ಕೊಡವಿದ,
ಮತ್ತೆ, ಕುರಿಮರಿಗೆ ಶೀಶೆ ಹಿಡಿಯುವ ಆ ಕೈಯಿಂದ,
ಮೊನೆಯನ್ನು ನಾಲಿಗೆಗೆ ತಾಗಿಸಿ, ಹಸಿ ಮಾಡಿ,
ಬರೆದ.